ಯಾಕೊವ್ ಮಾವನೂ ಹಡಗು ಹತ್ತಿದ ನಾಯಿಯೂ

ನಮ್ಮ ದ್ವೀಪದ ಬಂದರಿನಲ್ಲಿ ಹಡಗಿನ ಟಿಕೆಟ್ ಕೊಡುವುದು ನನ್ನ ಕೆಲಸ. ಆ ದಿನ ಬೆಳಗಿನ ಒಂಬತ್ತರ ಹಡಗಿಗೆ ಮದುವೆ ದಿಬ್ಬಣವೊಂದು ಸುಟ್ಟ ಕುರಿಮರಿಯ ತಟ್ಟೆ ಹೊತ್ತು ಹತ್ತಿತು. ವಾಸನೆಯ ಹಿಂದೆ ಯಾಕೊವ್ ಮಾವನ ನಾಯಿ ಮುರ್ಗೊ ಕೂಡ ಹತ್ತಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಯಾಕೊವ್ ಮಾವ ಕಲ್ಲುಕುಟಿಗರಾಗಿ ದುಡಿದು ಈಗ ಮನೆಯಲ್ಲಿರುವವರು. ಊರೆಲ್ಲ ಹುಡುಕಿ, ಹತ್ತೂವರೆಗೆ ಏದುಸಿರು ಬಿಡುತ್ತ ನನ್ನ ಕಿಟಕಿಗೆ ಬಂದರು. ಅಷ್ಟರಲ್ಲಿ ಆಚೆ ದಡದ ಸ್ಪ್ಲಿಟ್‌ನಿಂದ ಹಡಗಿನ ಹಗ್ಗ ಕಟ್ಟುವ ನಿಕ್ಷಾ ಫೋನ್ ಮಾಡಿದ್ದ: ನಾಯಿ ತನ್ನ ಬಳಿ ಕ್ಷೇಮವಾಗಿದೆ, ಹನ್ನೊಂದರ ಹಡಗಿಗೆ ಕಳಿಸುತ್ತೇನೆ ಎಂದು.

"ಮಾವ, ಇಲ್ಲೇ ಕೂತ್ಕೊಳ್ಳಿ. ಹನ್ನೆರಡಕ್ಕೆ ಅದೇ ಬರುತ್ತೆ," ಎಂದೆ.

"ಬೇರೆಯವರ ಜೊತೆ ಬರಲ್ಲ ಮಗಳೇ. ನನ್ ಕೈಯಿಂದಲ್ದೆ ಒಂದು ತುತ್ತೂ ಮುಟ್ಟಲ್ಲ ಅದು."

ಹನ್ನೊಂದಕ್ಕೆ ಇಲ್ಲಿಂದ ಮಾವ ಹೊರಟರು. ಅದೇ ಹನ್ನೊಂದಕ್ಕೆ ಅಲ್ಲಿಂದ ನಾಯಿ. ನಡುನೀರಿನಲ್ಲಿ ಹಡಗುಗಳು ಎದುರಾದಾಗ ಮಾವ ಕಂಬಿಯ ಮೇಲೆ ಬಗ್ಗಿ, ಗಂಟಲು ಹರಿಯುವಂತೆ ಹೆಸರು ಹಿಡಿದು ಕೂಗಿದರಂತೆ. ಜರ್ಮನ್ ಹೆಂಗಸೊಬ್ಬಳ ಕೈಯಿಂದ ಸಾಸೇಜ್ ತಿನ್ನುತ್ತಿದ್ದ ಮುರ್ಗೊ ತಲೆಯೆತ್ತಿ, ಒಮ್ಮೆ ಬೊಗಳಿ, ಮತ್ತೆ ಸಾಸೇಜಿಗೆ ಬಾಯಿ ಹಾಕಿತಂತೆ.

ಇಲ್ಲಿಗೆ ಬಂದ ನಾಯಿಯನ್ನು ನನ್ನ ಕುರ್ಚಿಗೆ ಕಟ್ಟಿದೆ. ತಿಂದದ್ದು ಕರಗಿದ ಮೇಲೆ ಯಜಮಾನನ ನೆನಪಾಯಿತೋ ಏನೋ, ಕುಂಯ್‌ಗುಡತೊಡಗಿತು. ಮಧ್ಯಾಹ್ನ ಒಂದರ ಹಡಗು ಹೊರಡುವಾಗ ಕುತ್ತಿಗೆಯ ಹಗ್ಗ ಕಳಚಿಕೊಂಡು ಓಡಿ, ಹಡಗಿನೊಳಕ್ಕೆ ಹಾರಿಯೇಬಿಟ್ಟಿತು.

ನಾನು ಓಡಿಬಂದು ನಿಕ್ಷಾಗೆ ಫೋನ್ ಮಾಡಿದೆ. "ಯಾಕೊವ್ ಮಾವನ್ನ ಹಡಗು ಹತ್ತೋಕೆ ಬಿಡಬೇಡ."

"ಆಗ್ಲೇ ಹತ್ತಿದ್ದಾರೆ."

"ಇಳಿಸು. ನಾಯಿ ಅಲ್ಲಿಗೇ ಬರ್ತಿದೆ."

"ಅವರು ಇಳಿಯೋ ಆಸಾಮೀನಾ? ಕಟ್ಟಿಹಾಕ್ಲಾ?"

"ಬೇಕಾದ್ರೆ ಕಟ್ಟಿಹಾಕು."

ನಿಕ್ಷಾ ಮಾವನ ಟೋಪಿ ಕಿತ್ತುಕೊಂಡು ದಡಕ್ಕೆ ಓಡಿದನಂತೆ. ಮಾವ ಬೈಯುತ್ತ ಅವನನ್ನು ಅಟ್ಟಿಸಿಕೊಂಡು ಇಳಿದರಂತೆ. ಅಷ್ಟರಲ್ಲಿ ಹಡಗು ಹೋಗಿತ್ತು. ವಿಷಯ ತಿಳಿದ ಮೇಲೆ ಒಂದು ಗಂಟೆ ಕಲ್ಲಿನಂತೆ ಬೆಂಚಿನಲ್ಲಿ ಕೂತರು. ನಾಯಿಗೆ ಬೈಯಲು ಮಾತು ಕೂಡಿಸಿಟ್ಟುಕೊಂಡಿದ್ದರು. ಮುರ್ಗೊ ಎಲ್ಲರಿಗಿಂತ ಮೊದಲು ಇಳಿದು ಓಡಿಬಂದು ಮೊಣಕಾಲಿನ ಮೇಲೆ ತಲೆಯಿಟ್ಟಾಗ ಬಗ್ಗಿ ಎರಡೂ ಕೈಯಿಂದ ತಬ್ಬಿಕೊಂಡರು. ಟೋಪಿಯಿಂದ ಕಣ್ಣೊರೆಸಿಕೊಂಡರು ಎಂದು ನಿಕ್ಷಾ ಹೇಳಿದ.

ಇಬ್ಬರೂ ಸಂಜೆಯ ಹಡಗಿನಲ್ಲಿ ಬಂದರು. ದಡದಲ್ಲಿ ಕಾದಿದ್ದ ಅವರ ಹೆಂಡತಿ ಪೆರಿನಾ ಗಂಡನ ಕಡೆ ತಿರುಗಿಯೂ ನೋಡದೆ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಎಲ್ಲಿಗೋ ಕರ್ಕೊಂಡು ಹೋಗಿದ್ದೆ ಈ ಮುದುಕನ್ನ?"