ಗಂಟು ಹಾಕದ ಗುಂಡಿ

ಇಸ್ತ್ರಿಪೆಟ್ಟಿಗೆ ಅಂಗಿಯ ಎದೆಯ ಮೇಲೆ ಅರ್ಧ ದಾರಿ ಹೋಗಿ ನಿಂತಿತು. ಮೇಲಿನಿಂದ ಎರಡನೇ ಗುಂಡಿ ಇರಬೇಕಾದ ಜಾಗದಲ್ಲಿ ದಾರದ ಎರಡು ಎಳೆಗಳು ಮಾತ್ರ ಬೆಕ್ಕಿನ ಮೀಸೆಯ ಹಾಗೆ ನಿಮಿರಿ ನಿಂತಿದ್ದವು.

"ಗುಬ್ಬೀ, ಗುಂಡಿ ಎಲ್ಲೇ?"

ಎರಡನೇ ತರಗತಿಯ ಗುಬ್ಬಿ ಬಾಯ್ತುಂಬ ನೊರೆ ಇಟ್ಟುಕೊಂಡು ಬಚ್ಚಲಿನಿಂದ ಇಣುಕಿದಳು. "ಬಿತ್ತು."

"ನಿನ್ನೆ ಒಗೆದು ಹರವುವಾಗ ಇತ್ತಲ್ಲೇ!"

"ಆಮೇಲೆ ಬಿತ್ತು." ನೊರೆ ನುಂಗಿಯೇಬಿಟ್ಟಳು. "ಅಮ್ಮಾ, ಇವತ್ತು ಬುಧವಾರ. ಸಂಜೆ ಅಪ್ಪನ ಅಂಗಡಿಗೆ ಹೋಗೋಣ್ವಾ?"

"ದೊಡ್ಡ ಟೈಲರ್ ಮಾಸ್ತರು ನಿಮ್ಮಪ್ಪ! ಜೋರಾಗಿ ಸೀನಿದ್ರೆ ಗುಂಡಿ ಉದುರುತ್ತೆ," ಎಂದು ತಾಯಿ ಗೊಣಗುವಷ್ಟರಲ್ಲಿ ಫೋನು ಬಡಿದುಕೊಂಡಿತು.

ಗಂಡನ ಅಕ್ಕ. ಬೇರೆಯಾದ ಈ ಎರಡು ವರ್ಷಗಳಲ್ಲಿ ಆ ನಂಬರಿನಿಂದ ಒಂದು ಕರೆಯೂ ಬಂದಿರಲಿಲ್ಲ. ಎತ್ತಿದರೆ ಬರೀ ಉಸಿರು. ಆಮೇಲೆ ಒಡೆದ ದನಿ.

"ಅವನು ಹೋಗ್ಬಿಟ್ಟ ಕಣೇ. ಅಂಗಡಿ ಬಾಗಿಲು ಎತ್ತೋಕೆ ಬಗ್ಗಿದವನು ಮೇಲೇಳಲೇ ಇಲ್ಲ. ಡಾಕ್ಟ್ರು ಹಾರ್ಟ್ ಅಟ್ಯಾಕ್ ಅಂದ್ರು. ಮೂರು ಗಂಟೆಗೆ ತಗೊಂಡು ಹೋಗ್ತೀವಿ. ಮಗೂನ ಕರ್ಕೊಂಡು ಬರ್ತೀಯಾ?"

"ಬರ್ತೀನಿ ಅಕ್ಕಾ."

ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಅವಳಿಗೆ ಮೈಮೇಲೆ ಎಚ್ಚರ ಬಂದದ್ದು. ಅಂಗಿಯ ಅಂಚು ಕಂದಿತ್ತು.

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸುತ್ತಿ ಬಳಸದೆ ಹೇಳಿದಳು. ಗುಬ್ಬಿ ಅಳಲಿಲ್ಲ. ಕಂದಿದ ಅಂಗಿಯತ್ತ ಬೊಟ್ಟು ಮಾಡಿ, "ಆ ಅಂಗೀನೇ ಹಾಕ್ಕೋತೀನಿ," ಎಂದಳು.

"ಗುಂಡಿ ಇಲ್ವಲ್ಲ ಪುಟ್ಟಾ."

"ಪಿನ್ನು ಹಾಕು."

ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತವಳು ನಡುವೆ ಒಮ್ಮೆ ತಿರುಗಿದಳು. "ಅಮ್ಮಾ, ಒಂದು ಕೇಳ್ಲಾ?"

"ಕೇಳು."

"ಬೇಡ. ಆಮೇಲೆ."

ಆ ಪ್ರಶ್ನೆ ಯಾವುದೆಂದು ತಾಯಿಗೆ ಗೊತ್ತಿತ್ತು. ಅಪ್ಪನನ್ನು ನೀನು ಯಾಕೆ ಬಿಟ್ಟೆ? ಎರಡು ವರ್ಷದಿಂದ ಅದಕ್ಕೊಂದು ಉತ್ತರವನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದಳು. ಇವತ್ತು ನೋಡಿದರೆ ಅದು ಬಾಯಿಗೆ ತರುವಂಥದ್ದಾಗಿ ಉಳಿದಿರಲಿಲ್ಲ.

*

ಅವರದು ಪಾತ್ರೆ ಎಸೆದಾಡಿದ ಜಗಳವೇನಲ್ಲ. ಮಷಿನ್ನಿನ ಮುಂದೆ ಕೂತರೆ ಅವನಿಗೆ ಲೋಕ ಮರೆಯುತ್ತಿತ್ತು, ಅಷ್ಟೆ. ಮನೆಗೆ ಎಂಟಕ್ಕೆ ಬರುತ್ತೇನೆಂದರೆ ಹತ್ತು. ಮೊದಮೊದಲು ಅದು ನಗುವ ವಿಷಯವಾಗಿತ್ತು, ಆಮೇಲೆ ಮುನಿಸಿನದು. ಒಂದು ಸಂಜೆ ಶಾಲೆಯಿಂದ ಮಗಳನ್ನು ಕರೆತರುವುದನ್ನೇ ಮರೆತ. ಆಫೀಸಿನಿಂದ ಓಡಿ ಬಂದ ಅವಳಿಗೆ, ಮುಚ್ಚಿದ ಗೇಟಿನ ಬಳಿ ಕಾವಲುಗಾರನ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕೂತ ಗುಬ್ಬಿ ಸಿಕ್ಕಿದಾಗ ಏಳು ಗಂಟೆ.

ಅವತ್ತು ಮುರಿದದ್ದು ಮತ್ತೆ ಕೂಡಲಿಲ್ಲ.

ಕೋರ್ಟಿನಲ್ಲೂ ಅವಳು ಹೇಳಿದ್ದು ಅದನ್ನೇ. "ಮಗು ಇರೋದೇ ನೆನಪಿಲ್ಲದೋರಿಗೆ ಮಗು ಯಾಕೆ?" ಅವನು ವಾದಿಸಲಿಲ್ಲ. ಕತ್ತಿನಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದಿಟ್ಟು ಬರುವುದನ್ನೂ ಮರೆತಿದ್ದ. ಅದನ್ನೇ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ತಿಂಗಳಿಗೆ ಎರಡು ಭಾನುವಾರ, ಹತ್ತರಿಂದ ಐದು ಎಂದು ತೀರ್ಪಾಯಿತು. ಆ ಭಾನುವಾರಗಳಲ್ಲಿ ಅವನು ಒಂಬತ್ತೂವರೆಗೇ ಬಂದು ಮೆಟ್ಟಿಲ ಕೆಳಗೆ ನಿಂತಿರುತ್ತಿದ್ದ.

ಮೊದಲ ಗುಂಡಿ ಬಿದ್ದದ್ದು ಆಮೇಲೆ, ಒಂದು ಬುಧವಾರ. ತಾಯಿ ಸೂಜಿಗೆ ದಾರ ಪೋಣಿಸಿಯೂ ಆಗಿತ್ತು. "ಅಪ್ಪ ಹಾಕ್ತಾರೆ!" ಎಂದು ಗುಬ್ಬಿ ಅಂಗಿಯನ್ನು ಅವುಚಿಕೊಂಡು ಮಂಚದಡಿ ಸೇರಿಕೊಂಡಳು. ತೀರ್ಪಿನಲ್ಲಿ ಬುಧವಾರ ಇರಲಿಲ್ಲ. ಗುಂಡಿಯ ಮಾತೂ ಇರಲಿಲ್ಲ. ಕರೆದುಕೊಂಡು ಹೋದಳು.

ಒಂದು ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎದುರಿನ ಔಷಧಿ ಅಂಗಡಿಯ ನೆರಳಿನಲ್ಲಿ ನಿಂತು ಅವಳು ನೋಡಿದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಗಳು, ಕೆಳಗೆ ಸ್ಟೂಲಿನಲ್ಲಿ ಅಪ್ಪ. ಇಬ್ಬರಿಗೂ ಅದೇನು ನಗುವೋ.

ಎರಡು ವಾರಕ್ಕೆ ಇನ್ನೊಂದು ಬಿತ್ತು, ಅದೂ ಬುಧವಾರ. ಆಮೇಲೆ ಮತ್ತೊಂದು.

"ಇಷ್ಟು ವರ್ಷ ಕತ್ತರಿ ಹಿಡಿದೋರಿಗೆ ಒಂದು ಗುಂಡಿ ನಿಲ್ಲಿಸೋಕೆ ಬರಲ್ವಾ?" ಎಂದು ಅವಳು ಚುಚ್ಚಿದರೆ, ಅವನು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ, "ದಾರ ಸರಿಯಿಲ್ಲ," ಎನ್ನುತ್ತಿದ್ದ.

ಮನೆಯ ಸೂಜಿ ಡಬ್ಬಿ ಕಪಾಟಿನ ಹಿಂದೆ ಎಲ್ಲೋ ಸೇರಿಕೊಂಡಿತು. ಅವಳೂ ಹುಡುಕಲಿಲ್ಲ.

*

ಅಂಗಡಿಯ ಮಹಡಿಯ ಮೇಲೆ ಅವನಿದ್ದ ಕೋಣೆಯಲ್ಲಿ ನಾಲ್ಕು ಜನ ನಿಂತರೆ ಐದನೆಯವರು ಮೆಟ್ಟಿಲಲ್ಲಿ. ಅದಕ್ಕೇ ಅಂಗಡಿಯಲ್ಲೇ, ಅದೇ ಮೇಜಿನ ಮೇಲೆ ಮಲಗಿಸಿದ್ದರು. ಗೋಡೆಗೆ ತೂಗುಹಾಕಿದ್ದ ಅರ್ಧ ಹೊಲಿದ ಬಟ್ಟೆಗಳು ಸುತ್ತ ನಿಂತ ನೆಂಟರ ಹಾಗೆ ಕಾಣುತ್ತಿದ್ದವು.

"ಹೇಳಿದ ದಿನ ಬಟ್ಟೆ ಕೊಟ್ಟ ಪುಣ್ಯಾತ್ಮ ಅಲ್ಲ," ಎಂದರು ಬಾಗಿಲಲ್ಲಿದ್ದ ಹಳೆಯ ಗಿರಾಕಿಯೊಬ್ಬರು, ಮೂಗು ಒರೆಸಿಕೊಳ್ಳುತ್ತ. "ಇವತ್ತೊಂದಿನ ಮಾತ್ರ ಅವಸರ ಮಾಡ್ಬಿಟ್ಟ ನೋಡಿ."

"ಹೊಲಿಗೆ ಮಾತ್ರ ಗಟ್ಟಿ," ಎಂದರು ಪಕ್ಕದವರು. "ಈ ಪ್ಯಾಂಟಿಗೆ ಒಂಬತ್ತು ವರ್ಷ. ಹರಿಯಲ್ಲ. ಹೊಸದು ಹೊಲಿಸೋಕೆ ನೆಪಾನೇ ಕೊಡ್ಲಿಲ್ಲ."

ಗಂಡನ ಅಕ್ಕ ಎದ್ದು ಬಂದರು. ಕೋರ್ಟಿನ ವರಾಂಡದಲ್ಲಿ ಇವಳ ಮುಖಕ್ಕೆ ಬೆನ್ನು ತಿರುಗಿಸಿ ನಿಂತಿದ್ದವರು ಈಗ ಇವಳ ಕೈಯನ್ನೇ ಹಿಡಿದುಕೊಂಡರು. "ಬಂದ್ಯಲ್ಲ. ಬರಲ್ವೇನೋ ಅಂದ್ಕೊಂಡಿದ್ದೆ." ಆಮೇಲೆ ಗುಬ್ಬಿಯ ತಲೆ ಸವರಿದರು. "ಹೋಗು, ಅಪ್ಪನ್ನ ನೋಡು. ಹೆದರಿಕೆ ಆದ್ರೆ ಅತ್ತೆ ಇದೀನಿ."

ಗುಬ್ಬಿ ಹೆದರಲಿಲ್ಲ. ತುದಿಗಾಲಲ್ಲಿ ನಿಂತು, ಅಪ್ಪನ ಅಂಗಿಯ ಗುಂಡಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಅದು ಅಲ್ಲಾಡಲಿಲ್ಲ.

ಮೂಲೆಯಲ್ಲಿದ್ದ ಮುದುಕ ಅದನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ಕಾಜಾದ ತೂತು ತೆಗೆದು ಗುಂಡಿ ಹಚ್ಚುವ ಕೆಲಸ ಅವನದು. ಎಲ್ಲರ ಬಾಯಲ್ಲೂ ಕಾಜಾ ಮಾಮ. ಗುಬ್ಬಿಯ ಎದೆಯ ಮೇಲಿನ ಪಿನ್ನು ಕಂಡದ್ದೇ ತನ್ನ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತುಕೊಂಡ.

"ಬಾ ಮಗಳೇ, ನಾನು ಹಾಕ್ಕೊಡ್ತೀನಿ."

"ಬೇಡ!" ಗುಬ್ಬಿ ಮುಷ್ಟಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೊರಗೋಡಿದಳು.

ಮುದುಕ ಸೂಜಿಯನ್ನು ಮತ್ತೆ ಕಾಲರಿಗೆ ಚುಚ್ಚಿದ. "ಅವನೂ ಹೀಗೇ ಕಣಮ್ಮ. ಅಂಗಡಿ ಗುಂಡಿಯೆಲ್ಲಾ ನಂದು, ಈ ಮಗೂದು ಮಾತ್ರ ಮುಟ್ಟೋಕೆ ಬಿಡ್ತಿರ್ಲಿಲ್ಲ. ತಾನೇ ಹಾಕೋನು. ಹಾಕೋದಾದ್ರೂ ಹೆಂಗೆ? ಎರಡು ಸುತ್ತು ದಾರ, ಅಷ್ಟೇ. ಕೊನೇಲಿ ಗಂಟೇ ಇಲ್ಲ."

"ಗಂಟು ಇಲ್ವಾ?"

"ಇಲ್ಲ! ನಾನೇ ಬೈದೆ, ಏನಯ್ಯಾ, ಗಂಟು ಹಾಕೋದು ಮರೆತ್ಯಾ ಅಂತ. 'ಸುಮ್ನಿರಿ ಮಾಮಾ, ಗಂಟು ಹಾಕಿದ್ರೆ ಮಗು ಬೆರಳು ನೋಯುತ್ತೆ' ಅಂದ." ಮುದುಕ ತಲೆ ಕೊಡವಿದ. "ಗುಂಡಿ ಗಂಟಿಗೂ ಬೆರಳಿಗೂ ಏನು ಸಂಬಂಧ? ನಂಗಂತೂ ಇವತ್ತಿಗೂ ಅರ್ಥ ಆಗಿಲ್ಲ."

ಅವಳಿಗೂ ಆಗಲಿಲ್ಲ.

ಮೂರು ಗಂಟೆಗೆ ವ್ಯಾನು ಬಂತು. ಹೊತ್ತವರು ಬಾಗಿಲಲ್ಲಿ ಒಂದು ಕ್ಷಣ ತಡೆದು, ಓರೆಯಾಗಿ ತಿರುಗಿಸಿ ಹೊರತಂದರು. ಗಿರಾಕಿಗಳು ಹಿಂದೆ ಹಿಂದೆ ನಡೆದರು. ಅವನು ಹೊಲಿದ ಅಂಗಿಗಳೇ ಅವನನ್ನು ಕಳಿಸಲು ಹೊರಟಂತಿತ್ತು. ಮಗುವಿಗೆ ಇಷ್ಟು ಸಾಕು ಎಂದು ಅತ್ತೆ ಹೇಳಿದ್ದರಿಂದ ತಾಯಿ ಮಗಳು ಅಂಗಡಿಯ ಮೆಟ್ಟಿಲ ಮೇಲೇ ಉಳಿದರು. ತಿರುವಿನಲ್ಲಿ ವ್ಯಾನು ಮರೆಯಾಯಿತು.

"ಅಮ್ಮಾ, ಈಗ ಕೇಳ್ಲಾ?"

ತಾಯಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಕೇಳು ಪುಟ್ಟಾ."

ಗುಬ್ಬಿ ಬೆಳಿಗ್ಗೆಯಿಂದ ಬಿಚ್ಚದಿದ್ದ ಮುಷ್ಟಿಯನ್ನು ಬಿಚ್ಚಿದಳು. ಬೆವರಿದ ಅಂಗೈ ನಡುವೆ ನಾಲ್ಕು ತೂತಿನ ಬಿಳಿ ಗುಂಡಿ. ಅದು ಒತ್ತಿದ ಕಡೆ ಕೆಂಪಗೆ ಒಂದು ಪುಟ್ಟ ವೃತ್ತ. ಬೆರಳುಗಳ ಮೇಲೆ ಒಂದು ಗೀರೂ ಇರಲಿಲ್ಲ.

"ಇದು ಬಿದ್ದಿದ್ದಲ್ಲ. ನಾನೇ ಕಿತ್ತಿದ್ದು. ಮುಂಚಿಂದು ಎಲ್ಲಾನೂ ನಾನೇ." ಅವಳು ಖಾಲಿ ತಿರುವಿನತ್ತ ನೋಡಿದಳು. "ಅಪ್ಪಂಗೆ ಗೊತ್ತಿತ್ತಾ, ಅಮ್ಮಾ?"