ಹವಾಲ್ದಾರ್ ಮಾಸ್ತಪ್ಪನ ಸಾಕ್ಷಿ

ರಾಜ್ಯಪಾಲರು ಶಿಕಾರಿಪುರಕ್ಕೆ ಬರುತ್ತಾರೆಂದು ಕೇಳಿದ ದಿನದಿಂದ ಮಾಸ್ತಪ್ಪನಿಗೆ ಊಟ ಸೇರಲಿಲ್ಲ. ರಾಜ್ಯಪಾಲರೆಂದರೆ ಬೇರೆ ಯಾರೋ ಅಲ್ಲ, ಇದೇ ಶಿಕಾರಿಪುರದ ಜವಳಿ ಅಂಗಡಿಯವರ ಮಗ ಪರಮಶಿವಪ್ಪ. ಸೈನ್ಯದಲ್ಲಿ ಮೇಜರ್ ಆಗಿದ್ದವರು ಜನರಲ್ ಆಗಿ, ನಿವೃತ್ತಿಯಾದ ಮೇಲೆ ಈಶಾನ್ಯದ ಒಂದು ರಾಜ್ಯಕ್ಕೆ ರಾಜ್ಯಪಾಲರಾಗಿದ್ದರು. ಅದೇ ಮೇಜರ್ ಕೈಕೆಳಗೆ ಹವಾಲ್ದಾರ್ ಆಗಿದ್ದ ಮಾಸ್ತಪ್ಪ ಮಾತ್ರ ಗುಡವಿ ಹತ್ತಿರದ ತನ್ನ ಊರಲ್ಲಿ 'ಓಡಿಬಂದ ಮಾಸ್ತಪ್ಪ' ಆಗಿದ್ದ. ಏಣಿ ಹತ್ತಿದವರು ಹತ್ತಿದರು, ಹಿಡಿದುಕೊಂಡು ನಿಂತವನು ಕೆಳಗೇ ಉಳಿದ.

ಆದದ್ದಿಷ್ಟೆ. ಇಪ್ಪತ್ತೆಂಟು ವರ್ಷದ ಹಿಂದೆ ಗಡಿಯ ಗುಡ್ಡವೊಂದರ ಮೇಲೆ ಮಾಸ್ತಪ್ಪ ಆರು ಜನರೊಂದಿಗೆ ಪೋಸ್ಟ್ ಕಾಯುತ್ತಿದ್ದ. ಮೇಜರ್ ವೈರ್‌ಲೆಸ್‌ನಲ್ಲಿ "ಬಿಟ್ಟು ಇಳಿದು ಬನ್ನಿ" ಎಂದರು. ಇಳಿದು ಬಂದರು. ಮಧ್ಯಾಹ್ನದೊಳಗೆ ಗುಡ್ಡ ಶತ್ರುವಿನ ಪಾಲಾಯಿತು. ವಿಚಾರಣೆಯಲ್ಲಿ ಮೇಜರ್, ತಾನು ಹಾಗೆ ಹೇಳಲೇ ಇಲ್ಲ ಎಂದುಬಿಟ್ಟರು. ಅದಕ್ಕೆ ಮೊದಲು ಮಾಸ್ತಪ್ಪನನ್ನು ಪಕ್ಕಕ್ಕೆ ಕರೆದು, "ಸದ್ಯಕ್ಕೆ ಬಾಯಿ ಮುಚ್ಕೊಂಡಿರು, ಆಮೇಲೆ ನಾನು ಸರಿ ಮಾಡ್ತೀನಿ. ಒಂದೇ ಸೀಮೆಯವರು ನಾವು" ಎಂದಿದ್ದರು. ಅವನು ಬಾಯಿ ಮುಚ್ಚಿಕೊಂಡ. ತೋಳಿನ ಪಟ್ಟಿ ಕಿತ್ತು ಮನೆಗೆ ಕಳಿಸಿದರು. ಆ 'ಆಮೇಲೆ' ಇವತ್ತಿಗೂ ಬಂದಿಲ್ಲ.

ನಿಜ ಗೊತ್ತಿದ್ದದ್ದು ಹೆಂಡತಿ ವನಜಮ್ಮನಿಗೆ ಮಾತ್ರ. ಗಂಡನನ್ನು ಹೇಡಿ ಎಂದವರೊಡನೆ ಅವಳು ನಲ್ಲಿಕಟ್ಟೆಯಲ್ಲಿ ಕೊಡ ಎತ್ತಿ ಜಗಳಕ್ಕೆ ನಿಂತವಳು.

"ಎಲ್ಲರ ಎದ್ರಿಗೆ 'ನಾನೇ ಹೇಳಿದ್ದೆ' ಅಂತ ಒಂದ್ ಮಾತು ಅನ್ನಿಸ್ಕಳಿ, ಸಾಕು. ಮತ್ತೇನೂ ಕೇಳಬ್ಯಾಡಿ" ಎಂದು ಅವಳೇ ಅವನನ್ನು ಹೊರಡಿಸಿ ಜೊತೆಗೆ ಬಂದಳು.

ಸಾಹೇಬರಿಗೆ ಸನ್ಮಾನ ಕಲ್ಯಾಣ ಮಂಟಪದಲ್ಲಿತ್ತು. ರಾಜ್ಯಪಾಲರ ತಮ್ಮನ ಮಗ ಮಹಾಂತೇಶ್ ಬಾಗಿಲಲ್ಲೇ ಮಾಸ್ತಪ್ಪನ ಕೈಹಿಡಿದ.

"ಬರ್ರೀ ಅಜ್ಜಾರ, ದೊಡ್ಡಪ್ಪ ನಿಮ್ಮನ್ನ ಕೇಳ್ಯಾರೆ. ಮುಂದಿನ ಸಾಲಲ್ಲೇ ಕುಂದ್ರಿ."

ಮಾಸ್ತಪ್ಪನ ಎದೆ ಹಗುರಾಯಿತು. ಸಾಹೇಬರು ಮರೆತಿಲ್ಲ! ಪಾಪದವನು, ಮರೆಯದೆ ಇರುವುದಕ್ಕೂ ಬೇರೆ ಕಾರಣ ಇರುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಭಾಷಣದಲ್ಲಿ ಪರಮಶಿವಪ್ಪನವರು ಆ ಗುಡ್ಡದ ಮಾತಿಗೇ ಬಂದರು.

"ನಮ್ಮ ಹುಡುಗರು ಹೆದರಿ ಪೋಸ್ಟ್ ಬಿಟ್ಟು ಬಂದರು. ನಾನು ಬೈಯಲಿಲ್ಲ. ಹೆದರಿಕೆ ಮನುಷ್ಯರಿಗೆ ಸಹಜ. ಅವರಲ್ಲೊಬ್ಬ ಇಲ್ಲೇ ಇದ್ದಾನೆ." ನಂತರ ಪೆರೇಡಿನ ಹಳೆಯ ಗಂಟಲು ತೆಗೆದು ಕೂಗಿದರು: "ಹವಾಲ್ದಾರ್ ಮಾಸ್ತಪ್ಪಾ! ನಾನು ಹೇಳಿದ್ದು ಸರಿಯೋ?"

ಇಪ್ಪತ್ತೆಂಟು ವರ್ಷದಿಂದ ಅವನನ್ನು ಯಾರೂ ಹವಾಲ್ದಾರ್ ಎಂದು ಕರೆದಿರಲಿಲ್ಲ. ಮಾಸ್ತಪ್ಪ ಎದ್ದು ನಿಂತ. ಹಿಮ್ಮಡಿ ಕೂಡಿತು, ಎದೆ ಸೆಟೆಯಿತು, ತಲೆ ಯೋಚಿಸುವ ಮೊದಲೇ ಬಾಯಿ ತೆರೆಯಿತು.

"ಜೀ ಸಾಬ್!"

ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಅವನನ್ನು ಮೇಲೆ ಕರೆದು ಶಾಲು ಹೊದಿಸಿದರು, ಫೋಟೋ ಹಿಡಿದರು. ಹೇಳಬೇಕಾದ ಮಾತು ಹೇಳಲು ಅವನು ಸಾಹೇಬರ ಕಡೆ ತಿರುಗುವಷ್ಟರಲ್ಲೇ ರಾಷ್ಟ್ರಗೀತೆ ಶುರುವಾಯಿತು. ಅದಕ್ಕೂ ಅವನು ಅಲುಗಾಡದೆ ನಿಂತ. ಗೀತೆ ಮುಗಿಯುವಷ್ಟರಲ್ಲಿ ಪೊಲೀಸರ ನಡುವೆ ಸಾಹೇಬರು ಹೊರಟೇಹೋದರು.

ಬಸ್‌ಸ್ಟ್ಯಾಂಡಿನಲ್ಲಿ ವನಜಮ್ಮ ಶಾಲನ್ನು ಚೀಲಕ್ಕೆ ತುರುಕಿದಳು.

"ಊರೋರು ಅಂದಾಗ ನಾ ನಂಬಿರ್ಲಿಲ್ಲ. ಇವತ್ತು ನಿಮ್ಮ ಬಾಯಿಂದಲೇ ಕೇಳಿದ್ನಲ್ಲ."

"ಸಾಹೇಬ್ರು ಕೂಗಿದ್ರು ಕಣೇ. ಬಾಯಿಗೆ ತಾನೇ ಬಂತು."

"ಹಂಗಾರೆ ಇಷ್ಟು ವರ್ಷ ನಂಗೆ ಹೇಳಿದ್ದು?"

ಸೊರಬದ ಬಸ್ಸು ಬಂತು. ವನಜಮ್ಮ ಮೊದಲು ಹತ್ತಿ ಕಿಟಕಿ ಪಕ್ಕ ಕೂತಳು, ತನ್ನ ಮಗ್ಗುಲಿನ ಖಾಲಿ ಸೀಟಿನ ಮೇಲೆ ಶಾಲಿನ ಚೀಲ ಇಟ್ಟುಕೊಂಡಳು.