ಮಾತಾಡದ ಕರೆ

“ಮಾತಾಡೋಕೆ ಆಗ್ತಿಲ್ವಾ? ಪರವಾಗಿಲ್ಲ. ಹೌದು ಅನ್ನೋದಾದ್ರೆ ಬೆರಳಿಂದ ಫೋನನ್ನ ಒಂದು ಸಲ ತಟ್ಟಿ. ಇಲ್ಲ ಅನ್ನೋದಾದ್ರೆ ಎರಡು ಸಲ. ನಾನು ಲೈನಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ.”

ಆ ಕಡೆಯಿಂದ ಬರಿಯ ಉಸಿರಾಟ ಕೇಳುತ್ತಿತ್ತು. ಅದರ ಹಿಂದೆ ಎಲ್ಲೋ ಫ್ಯಾನು ತಿರುಗುವ ಸದ್ದು. ಆಂಬುಲೆನ್ಸ್ ಸಹಾಯವಾಣಿಯ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಮೇಜುಗಳಿದ್ದವು. ಏಳನೆಯದು ಒಂಬತ್ತು ವರ್ಷದಿಂದ ಅವಳದು. ಅವಳು ಚಪ್ಪಲಿ ಕಳಚಿ ಎರಡೂ ಪಾದಗಳನ್ನು ನೆಲಕ್ಕೆ ಊರಿದಳು. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟಳು.

“ನಿಮಗೆ ನೋವಾಗ್ತಿದೆಯಾ?”

ಟಕ್.

“ಜೊತೆಯಲ್ಲಿ ಯಾರಾದ್ರೂ ಇದ್ದಾರಾ?”

ಸ್ವಲ್ಪ ತಡೆದು, ಟಕ್ ಟಕ್.

“ತುಂಬ ದಿನದಿಂದ ಇದೆಯಾ ಈ ನೋವು?”

ಟಕ್.

ಅವಳು ಕೈಯೆತ್ತಿದಳು. ಮೇಲ್ವಿಚಾರಕರು ಬಂದು ಪರದೆ ನೋಡಿದರು. ಕರೆ ಸ್ವೀಕರಿಸುವವರಿಗೆ ನಂಬರಿನ ಕೊನೆಯ ಅಂಕಿಗಳು ಕಾಣುವುದಿಲ್ಲ, ಚುಕ್ಕೆಗಳಷ್ಟೇ ಕಾಣುತ್ತವೆ. ವಿಳಾಸ ಹುಡುಕಿಸಲು ಅವರು ತಮ್ಮ ಗಾಜಿನ ಕೋಣೆಗೆ ಹೋದರು. “ನೀವು ಎಲ್ಲಿದ್ದೀರಿ ಅಂತ ತಿಳ್ಕೊಳ್ತಾ ಇದ್ದೀವಿ, ಹೆದರಬೇಡಿ” ಎಂದು ಅವಳು ಹೇಳಿದ್ದೇ ತಡ, ಕರೆ ಕಡಿದುಹೋಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತಾಗಿತ್ತು.

ಪಾದ ಊರುವ ಈ ಉಪಾಯವನ್ನು ಅವಳಿಗೆ ಕಲಿಸಿದವರು ಆಪ್ತಸಮಾಲೋಚಕಿ. ಮೂರು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಅವಳ ಎಡಗೈ ಜೋಮು ಹಿಡಿದು, ಎದೆಯ ಮೇಲೆ ಯಾರೋ ಕೂತಂತಾಗಿತ್ತು. “ಕೊನೆಗೂ ನಮ್ಮ ಗಾಡೀಲಿ ನಮ್ಮವರೇ ಹೋಗೋ ಹಾಗಾಯ್ತು” ಎಂದು ಪಕ್ಕದ ಮೇಜಿನವಳು ಆಮೇಲೆ ನಗಿಸಿದ್ದಳು. ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹೃದಯ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ, ಇದು ವರ್ಷಗಟ್ಟಲೆ ಕೂಡಿಬಿದ್ದ ಒತ್ತಡ ಎಂದರು. ಅಂದಿನಿಂದ ಪ್ರತಿ ಬುಧವಾರ ಬೆಳಿಗ್ಗೆ ಸಮಾಲೋಚಕಿಯ ಎದುರು ಒಂದು ಗಂಟೆ ಕೂತು ಬರುವುದು ಕಚೇರಿಯ ಅಪ್ಪಣೆ.

“ನಿಮಗೆ ಕೋಪ ಬರುತ್ತಾ?” ಎಂದು ಅವರು ಒಮ್ಮೆ ಕೇಳಿದ್ದರು.

“ನನಗಾ? ದಿನಕ್ಕೆ ನೂರು ಜನ ಬೈತಾರೆ ಮೇಡಂ. ಇವತ್ತಿನವರೆಗೆ ಒಬ್ಬರಿಗೂ ತಿರುಗಿ ಒಂದು ಮಾತು ಅಂದಿಲ್ಲ.”

“ಮನೇಲಿ?”

“ಮನೆಗೆ ಹೋದ್ಮೇಲೆ ಬಾಯಿ ಬಿಡೋಕೇ ತ್ರಾಣ ಇರಲ್ಲ. ಕೋಪ ಎಲ್ಲಿಂದ ಬರ್ಬೇಕು?”

ತಮಾಷೆಗೆಂದು ಹೇಳಿದ್ದಳು. ಸಮಾಲೋಚಕಿ ನಗಲಿಲ್ಲ. ಮನೆಗೆ ಕಾಲಿಟ್ಟ ಮೊದಲ ಅರ್ಧ ಗಂಟೆಯಲ್ಲಿ ಏನೇನಾಗುತ್ತದೆಂದು ದಿನಾ ಬರೆದುಕೊಂಡು ಬರಲು ಹೇಳಿದರು. ಅವಳು ಬುಧವಾರ ಬಸ್ಸಿನಲ್ಲಿ ಕೂತು ಏಳು ದಿನದ್ದನ್ನೂ ಒಟ್ಟಿಗೆ ಬರೆದಳು: ವಿಶೇಷವೇನಿಲ್ಲ, ವಿಶೇಷವೇನಿಲ್ಲ, ವಿಶೇಷವೇನಿಲ್ಲ.

ಮೇಲ್ವಿಚಾರಕರು ಗಾಜಿನ ಕೋಣೆಯಿಂದ ಹೊರಗೆ ಬಂದರು. ಕೈಯಲ್ಲಿ ಒಂದು ಚೀಟಿ ಇತ್ತು. ಯಾವಾಗಲೂ ಇನ್ನೊಂದು ಮೂಲೆಗೆ ಕೇಳುವಂತೆ ಮಾತಾಡುವ ಮನುಷ್ಯ, ಅವಳ ಕುರ್ಚಿಯ ಹತ್ತಿರ ಬಗ್ಗಿದರು.

“ನಿಮ್ಮ ಮನೆ ನಂಬರ್ ಏನಮ್ಮಾ?”

“ಯಾಕೆ ಸಾರ್?”

ಅವರು ಚೀಟಿಯನ್ನು ಮೇಜಿನ ಮೇಲಿಟ್ಟರು. ರಸ್ತೆ ಅವಳದು. ಮನೆ ನಂಬರ್ ಅವಳದು. ಎರಡನೇ ಮಹಡಿ. ಫೋನು ಇದ್ದದ್ದು ಅವಳ ಗಂಡನ ಹೆಸರಿನಲ್ಲಿ. ಅವನು ತನ್ನ ತಾಯಿಗೆಂದು ಕೊಡಿಸಿದ ಹಳೆಯ ಫೋನು ಅದು.

ಅವಳು ಅದನ್ನು ಮೂರು ಸಲ ಓದಿದಳು. ಅಕ್ಷರಗಳು ಗೊತ್ತಾಗುತ್ತಿದ್ದವು, ಅವು ಏನು ಹೇಳುತ್ತಿವೆಯೆಂದು ಮಾತ್ರ ತಲೆಗೆ ಇಳಿಯಲಿಲ್ಲ. “ಅತ್ತೆ…” ಎಂದಳು. “ಅತ್ತೆ ಬಿದ್ದಿದ್ದಾರೆ ಸಾರ್. ನೋವಾಗ್ತಿದೆ ಅಂದ್ರು. ನಾನೇ ಕೇಳ್ದೆ. ನಾನೇ…”

“ಗಾಡಿ ಹೊರಟಾಯ್ತು. ಆರು ನಿಮಿಷ ಅಷ್ಟೆ.”

ಸಾವಿರಾರು ಜನರಿಗೆ ಅವಳು ಆರು ನಿಮಿಷ ಕಾಯಿರಿ ಎಂದಿದ್ದಳು. ಮನೆಗೆ ಫೋನು ಮಾಡಿದಳು; ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ನೆಲಕ್ಕೆ ಊರಿದ ಪಾದಗಳು ಕುಣಿಯುತ್ತಿದ್ದವು.

ಕೊನೆಗೆ ಆಂಬುಲೆನ್ಸಿನ ನರ್ಸಿನ ದನಿ ಸ್ಪೀಕರಿನಲ್ಲಿ ಬಂತು. “ಸಾರ್, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅಜ್ಜಿ ಮಲಗಿದ್ರು, ನಾವು ಬಾಗಿಲು ಬಡಿದ ಮೇಲೆ ಎದ್ರು. ಒಬ್ಬಳು ಹುಡುಗಿ ಇದ್ದಾಳೆ, ಹತ್ತು ವರ್ಷ ಇರಬಹುದು. ನಮ್ಮನ್ನ ನೋಡಿ ಬಚ್ಚಲುಮನೆಗೆ ಓಡಿಹೋಗಿ ಚಿಲಕ ಹಾಕ್ಕೊಂಡಿದ್ದಾಳೆ.”

ಮೇಲ್ವಿಚಾರಕರು ಅವಳನ್ನು ಗಾಜಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಅದೇ ನಂಬರಿನಿಂದ ಎರಡು ತಿಂಗಳಲ್ಲಿ ನಲವತ್ತೊಂದು ಕರೆ ಬಂದಿತ್ತು. ಎಲ್ಲವೂ ಶಾಲೆ ಬಿಟ್ಟ ಮೇಲೆ, ನಾಲ್ಕರಿಂದ ಐದರೊಳಗೆ.

“ಬೇರೆಯವರು ಎತ್ತಿದ್ರೆ ಎರಡು ಸೆಕೆಂಡಿಗೆ ಕಟ್,” ಎಂದರು. “ನೀವು ಎತ್ತಿದಾಗ ಮಾತ್ರ ಎರಡು ನಿಮಿಷ, ಮೂರು ನಿಮಿಷ. ಅಂಥವು ಒಂಬತ್ತಿವೆ. ಇಷ್ಟು ದಿನ ನಿಮ್ಮ ಮಗಳು ತಟ್ಟಿರ್ಲಿಲ್ಲ, ಸುಮ್ನೆ ಕೇಳಿಸ್ಕೊಂಡು ಇಟ್ಟುಬಿಡ್ತಿದ್ಳು.”

ಅವರು ಒಂದು ಧ್ವನಿಮುದ್ರಣ ಹಾಕಿದರು. *ಹೆದರಬೇಡಿ. ನಿಧಾನಕ್ಕೆ ಉಸಿರು ತಗೊಳ್ಳಿ. ಅವಸರ ಏನಿಲ್ಲ, ನಿಮಗೆ ಯಾವಾಗ ಆಗುತ್ತೋ ಆವಾಗ ಹೇಳಿ.* ಆ ದನಿ ತನ್ನದೆಂದು ಅವಳಿಗೆ ಗೊತ್ತಿತ್ತು. ಅಷ್ಟು ಮೆತ್ತಗಿನ ದನಿಯಲ್ಲಿ ತಾನು ಕಡೆಯ ಸಲ ಮನೆಯಲ್ಲಿ ಮಾತಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದಳು. ಏನೂ ಸಿಗಲಿಲ್ಲ. ಆ ಮಾತಿನ ಅಡಿಯಲ್ಲಿ, ಕಿವಿಗೊಟ್ಟರಷ್ಟೇ ಕೇಳುವ ಪುಟ್ಟ ಉಸಿರು ಅವಳು ಹೇಳಿದಂತೆಯೇ ನಿಧಾನಕ್ಕೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

“ಸಾಕು ಸಾರ್,” ಎಂದಳು.

“ದೂರು ಬರೆಯೋ ಪ್ರಶ್ನೆ ಇಲ್ಲ,” ಎಂದರು ಅವರು, ಕಿಟಕಿಯ ಕಡೆ ನೋಡುತ್ತ. “ಮೊದಲು ಮನೆಗೆ ಹೋಗಿ.”

ಮನೆ ತಲುಪಿದಾಗ ಅತ್ತೆ ಸೋಫಾದ ಮೇಲೆ ಕೂತು ತೋಳು ಉಜ್ಜಿಕೊಳ್ಳುತ್ತಿದ್ದರು. “ಯಾರೋ ಇಬ್ಬರು ಬಂದು ನನ್ನ ಬಿಪಿ ನೋಡಿ ಹೋದ್ರು ಕಣೇ. ಚೆನ್ನಾಗಿದೆಯಂತೆ. ಎಷ್ಟು ಒಳ್ಳೆ ಮಕ್ಕಳು, ಒಂದು ಕಾಸೂ ತಗೊಳ್ಳಲಿಲ್ಲ. ಇವಳು ಮಾತ್ರ ಒಳಗೇ ಕೂತಿದ್ದಾಳೆ ನೋಡು.”

ಬಚ್ಚಲುಮನೆಯ ಬಾಗಿಲನ್ನು ಅವಳು ಅಂಗೈಯಿಂದ ಬಡಿದಳು. “ಬಾಗಿಲು ತೆಗಿ!”

ಒಳಗೆ ಬಕೆಟ್ಟು ಸರಿದ ಸದ್ದಾಯಿತು. ಗಾಜಿನ ಕೋಣೆಯಲ್ಲಿ ಕೇಳಿದ ದನಿ ಇನ್ನೂ ಕಿವಿಯಲ್ಲಿತ್ತು. ಈಗ ತನ್ನ ಬಾಯಿಂದ ಬಂದದ್ದು ಬೇರೆ ಯಾರದೋ ಎನಿಸಿತು. ಅವಳ ಕೈ ಕೆಳಗಿಳಿಯಿತು. ಬಾಗಿಲಿಗೆ ಒರಗಿ ಒದ್ದೆ ಕಾಲೊರಸಿನ ಮೇಲೆ ಕೂತುಬಿಟ್ಟಳು.

“ಪೊಲೀಸರು ಬರ್ತಾರಾ?” ಎಂದಳು ಮಗಳು, ಒಳಗಿನಿಂದ.

“ಇಲ್ಲ ಪಾಪು. ಯಾರೂ ಬರಲ್ಲ.”

“ನಿನ್ನ ಕೆಲಸ ಹೋಗುತ್ತಾ?”

“ಇಲ್ಲ.” ಬಾಗಿಲ ಕಡೆ ಮುಖ ತಿರುಗಿಸಿ ಕೇಳಿದಳು: “ಯಾಕೆ ಮಾಡ್ತಿದ್ದೆ?”

“ಅಲ್ಲಿ ನೀನು ಎಲ್ಲೂ ಹೋಗಲ್ಲ ಅಂತೀಯ. ಇಲ್ಲಿ ಏನು ಕೇಳಿದ್ರೂ ಆಮೇಲೆ ಅಂತೀಯ. ಆಮೇಲೆ ಕೇಳಿದ್ರೆ ಕಿರುಚ್ತೀಯ.”

ನಾನು ಎಲ್ಲಿ ಕಿರುಚ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ತುಟಿ ಕಚ್ಚಿಕೊಂಡಳು.

“ನೋವಾಗ್ತಿದೆಯಾ ಅಂದಾಗ ತಟ್ಟಿದ್ಯಲ್ಲ?”

“ನೀನು ಕೇಳಿದೆ. ಅದಕ್ಕೆ.”

“ಎಲ್ಲಿ ನೋವು?”

“ಹೊಟ್ಟೇಲಿ. ದಿನಾ ಏಳು ಗಂಟೆಗೆ ಬರುತ್ತೆ.” ಮಗಳ ದನಿ ಬಾಗಿಲಿಗೆ ಇನ್ನಷ್ಟು ಹತ್ತಿರ ಬಂತು. “ನೀನು ಮೆಟ್ಟಿಲು ಹತ್ತೋದು ಕೇಳಿಸಿದ್ರೆ ಶುರುವಾಗುತ್ತೆ. ನೀನು ಮಲಗಿದ ಮೇಲೆ ಹೋಗುತ್ತೆ.”

ಒಂಬತ್ತು ವರ್ಷದಲ್ಲಿ ಅವಳು ಕೇಳದ ಸುದ್ದಿಯಿರಲಿಲ್ಲ. ಯಾವ ಮಾತಿಗೂ ಅವಳ ಬಳಿ ಒಂದು ಉತ್ತರ ಸಿದ್ಧವಿರುತ್ತಿತ್ತು. ಈಗ, ಬಡಿದಿದ್ದ ಅಂಗೈಯನ್ನೇ ಬಾಗಿಲಿಗೆ ಮೆಲ್ಲಗೆ ಊರಿದಳು. ಸ್ವಲ್ಪ ಹೊತ್ತಿನ ಮೇಲೆ ಚಿಲಕ ಸರಿಯಿತು. ಮಗಳು ಸಮವಸ್ತ್ರದಲ್ಲೇ ಇದ್ದಳು, ಒಂದು ಕಾಲುಚೀಲ ಒದ್ದೆಯಾಗಿತ್ತು. ತಾಯಿಯ ಮುಖ ನೋಡಿ, ಇದು ಯಾವ ಬಗೆಯ ಮುಖವೆಂದು ಗೊತ್ತಾಗದೆ ಅಲ್ಲೇ ನಿಂತಳು.

ಬುಧವಾರ ಅವಳು ಸಮಾಲೋಚಕಿಗೆ ಹಾಳೆಗಳನ್ನು ಕೊಡಲಿಲ್ಲ. ಎಲ್ಲ ಹೇಳಿದಳು. ಹೇಳಿ ಮುಗಿಸಿ, “ನಾನು ಎಂಥ ತಾಯಿ ಮೇಡಂ?” ಎಂದು ಕೇಳಿದಳು.

“ಅದಕ್ಕೆ ಉತ್ತರ ಕೊಟ್ರೆ ನಿಮಗೂ ಉಪಯೋಗ ಇಲ್ಲ, ಮಗೂಗೂ ಇಲ್ಲ,” ಎಂದರು ಅವರು. “ನೀವು ಇಷ್ಟು ದಿನ ಕಲಿತದ್ದೆಲ್ಲ ಆ ಮೇಜಿನ ಹತ್ತಿರಾನೇ ಖರ್ಚಾಗ್ತಿದೆ. ಮನೆಗೆ ಏನೂ ಉಳೀತಿಲ್ಲ. ಇನ್ನುಮೇಲೆ ಬಸ್ಸಿಳಿದ ತಕ್ಷಣ ಮೆಟ್ಟಿಲು ಹತ್ತಬೇಡಿ. ಒಂದು ಸುತ್ತು ನಡೀರಿ. ಸುಸ್ತಾಗಿದ್ರೆ ಸುಸ್ತಾಗಿದೆ, ಇಪ್ಪತ್ತು ನಿಮಿಷ ಬೇಕು ಅಂತ ಅವಳಿಗೆ ಬಾಯಿಬಿಟ್ಟು ಹೇಳಿ. ಇಪ್ಪತ್ತು ಅಂದ್ರೆ ಇಪ್ಪತ್ತೇ. ಮತ್ತೆ ಅವಳನ್ನ ಒಂದು ಸಲ ಕರ್ಕೊಂಡು ಬನ್ನಿ.”

ಮೊದಲ ವಾರ ಎರಡು ಸಂಜೆ ಅವಳು ಸೋತಳು. ಒಂದು ಸಂಜೆ ಲೋಟವನ್ನೇ ಎಸೆದಳು. ಉಳಿದ ದಿನ ಮಗಳು ಗಡಿಯಾರದ ಕೆಳಗೆ ನಿಂತು, “ಇನ್ನು ಮೂರು ನಿಮಿಷ ಇದೆ” ಎಂದು ಕಟ್ಟುನಿಟ್ಟಾಗಿ ಲೆಕ್ಕ ಹೇಳಿದಳು. ಹೊಟ್ಟೆನೋವು ಹೋಗಿರಲಿಲ್ಲ. “ಇವತ್ತು ಸ್ವಲ್ಪ” ಎನ್ನುತ್ತಿದ್ದಳು.

ಮುಂದಿನ ಬುಧವಾರ ಇಬ್ಬರೂ ಹೋದರು. ಸಮಾಲೋಚಕಿ ಮಗಳನ್ನು ಮಾತ್ರ ಒಳಗೆ ಕರೆದರು. ಬಾಗಿಲು ಪೂರ್ತಿ ಕೂಡಿಕೊಳ್ಳುತ್ತಿರಲಿಲ್ಲ. ಬೆರಳಗಲದ ಸಂದು ಉಳಿಯಿತು. ಹೊರಗೆ ಗೋಡೆಗುಂಟ ಐದು ಕುರ್ಚಿಗಳಿದ್ದವು. ಅವಳು ಬಾಗಿಲ ಪಕ್ಕದ್ದರಲ್ಲಿ ಕೂತಳು.

ಒಳಗೆ ಮಗಳ ದನಿ ತಡವರಿಸಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ನಿಲ್ಲದೆ ಹರಿಯತೊಡಗಿತು. “ಅಮ್ಮ” ಎಂಬ ಒಂದು ಮಾತು ಸಂದಿನಿಂದ ಸ್ಪಷ್ಟವಾಗಿ ಕೇಳಿತು.

ಅವಳು ಎದ್ದಳು. ಚೀಲವನ್ನು ಎತ್ತಿಕೊಂಡು, ಸದ್ದಾಗದಂತೆ ನಡೆದು, ಆ ತುದಿಯ ಐದನೆಯ ಕುರ್ಚಿಯಲ್ಲಿ ಹೋಗಿ ಕೂತಳು.